ಮೂಡಿಗೆರೆ, ಕುದುರೆಮುಖ, ಚಾರ್ಮಾಡಿ: ನಮ್ಮ ಒಂದು ದಿನದ ಗುಂಪು ರೈಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆ ನಿಂತು ಘಟ್ಟದ ರಸ್ತೆ ಒಣಗಿತು ಅನ್ನುವಷ್ಟರಲ್ಲಿ ನಮ್ಮ ಕ್ಲಬ್ಬಿನವರಿಗೆ ಫೋನ್ ಬರಲು ಶುರುವಾಗುತ್ತದೆ. ಈ ಸಲ ಯಾವಾಗ, ನಾನೂ ಬರಬಹುದಾ, ನನ್ನ ಬೈಕ್ ಹತ್ತುತ್ತದಾ? ಎಲ್ಲರೂ ಕೇಳುವುದು ಸುಮಾರು ಇವೇ ಪ್ರಶ್ನೆ. ಹಾಗಾಗಿ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಈ ರೈಡ್‌ನಲ್ಲಿ ನಾನು ಓಡಿಸುವುದು ಎಲ್ಲರಿಗಿಂತ ಕೊನೆಯ ಬೈಕು. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದು ಆ ಜಾಗದಿಂದ ಕಂಡದ್ದು.

ದಾರಿ ಯಾವುದು? ಒಟ್ಟು ಎಷ್ಟು ದೂರ?

ಮೂಡಿಗೆರೆಯಿಂದ ಹೊರಟು ಮೂಡಿಗೆರೆಗೇ ವಾಪಸ್ಸು. ಕೊಟ್ಟಿಗೆಹಾರ, ಕೆಳಗೂರಿನ ಟೀ ತೋಟ, ಕಳಸ, ಸಂಸೆ, ಕುದುರೆಮುಖ, ಎಸ್.ಕೆ. ಬಾರ್ಡರ್. ಅಲ್ಲಿಂದ ಮಾಳದ ಘಾಟಿ ಇಳಿದು ಬಜಗೋಳಿ, ನಾರಾವಿ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ. ಆಮೇಲೆ ಚಾರ್ಮಾಡಿ ಘಾಟಿ ಹತ್ತಿ ಮತ್ತೆ ಕೊಟ್ಟಿಗೆಹಾರ. ಹೆಚ್ಚುಕಡಿಮೆ 220 ಕಿ.ಮೀ. ಆಗುತ್ತದೆ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಯ ಮಣ್ಣು ಒಂದೇ ದಿನ ಟೈರಿಗೆ ಹತ್ತುತ್ತದೆ.

220 ಅಂದರೆ ಹೆದ್ದಾರಿಯಲ್ಲಿ ಮೂರೂವರೆ ಗಂಟೆಯ ಕೆಲಸ ಅಂತ ಲೆಕ್ಕ ಹಾಕಬೇಡಿ. ಇಲ್ಲಿ ಬೆಳಗ್ಗೆ ಆರೂವರೆಗೆ ಬಿಟ್ಟರೆ ವಾಪಸ್ ಬರುವಾಗ ಸಂಜೆ ಐದೂವರೆ. ನೂರು ಮೀಟರ್ ನೇರ ರಸ್ತೆ ಸಿಕ್ಕರೆ ಅದೇ ಹೆಚ್ಚು.

ಕುದುರೆಮುಖ ಮೊದಲು, ಚಾರ್ಮಾಡಿ ಕೊನೆಗೆ ಯಾಕೆ? ಉಲ್ಟಾ ಹೋದರೆ ಚಾರ್ಮಾಡಿಯಲ್ಲಿ ಸೂರ್ಯೋದಯ ಸಿಗುತ್ತದಲ್ಲ?

ಸೂರ್ಯೋದಯದ ಬದಲು ಮಂಜು ಸಿಗುವುದೇ ಹೆಚ್ಚು. ಆದರೆ ಮುಖ್ಯ ಕಾರಣ ಬೇರೆ ಇದೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಯನ್ನು ಹಗಲು ಹೊತ್ತಿನಲ್ಲೇ, ಅವಸರವಿಲ್ಲದೆ ದಾಟಬೇಕು. ಬೆಳಗ್ಗೆ ಹತ್ತರ ಸುಮಾರಿಗೆ ಉದ್ಯಾನದ ಗೇಟ್ ಹೊಕ್ಕರೆ, ಯಾರದೋ ಬೈಕ್ ಪಂಕ್ಚರ್ ಆದರೂ ಕೈಯಲ್ಲಿ ಸಮಯ ಇರುತ್ತದೆ. ಕಾಡನ್ನು ಸಂಜೆಗೆ ಇಟ್ಟುಕೊಂಡರೆ ಗಡಿಯಾರ ನೋಡುತ್ತಾ ಓಡಿಸಬೇಕಾಗುತ್ತದೆ. ಗಡಿಯಾರ ನೋಡುವವನ ಕಣ್ಣು ತಿರುವಿನ ಮೇಲೆ ಇರುವುದಿಲ್ಲ.

ಇನ್ನೊಂದು ವಿಚಾರ. ಸಂಜೆ ಮೈ ದಣಿದಿರುತ್ತದೆ. ದಣಿದಾಗ ಘಾಟಿ ಇಳಿಯುವುದಕ್ಕಿಂತ ಹತ್ತುವುದು ಸುಲಭ. ಹತ್ತುವಾಗ ಥ್ರಾಟಲ್ ಬಿಟ್ಟರೆ ಸಾಕು, ಗಾಡಿ ತಾನಾಗಿಯೇ ನಿಧಾನವಾಗುತ್ತದೆ.

ಯಾವ ತಿಂಗಳು? ಮಳೆಗಾಲದಲ್ಲಿ ಘಟ್ಟ ಇನ್ನೂ ಚೆಂದ ಅಲ್ಲವಾ?

ಚೆಂದ ಹೌದು. ಬಂಡೆಬಂಡೆಗೂ ಒಂದೊಂದು ಜಲಪಾತ. ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಗುಂಪು ಕಟ್ಟಿಕೊಂಡು ನಾವು ಹೋಗುವುದಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದದ್ದು ನಮ್ಮ ಕಡೆಯವರಿಗೆ ಮರೆತಿಲ್ಲ. ಕುಸಿತ ಒಂದೆರಡು ಕಡೆಯಲ್ಲ, ಘಾಟಿಯ ಉದ್ದಕ್ಕೂ ಆಗಿತ್ತು. ದಾರಿ ಮುಚ್ಚಿತು, ತೆರೆದ ಮೇಲೂ ದೊಡ್ಡ ಗಾಡಿಗಳನ್ನು ಬಹಳ ಕಾಲ ಬಿಡಲಿಲ್ಲ. ಅಂಥ ಜಾಗಕ್ಕೆ ಇಪ್ಪತ್ತು ಬೈಕ್ ಕರೆದುಕೊಂಡು ಹೋಗಿ, ಮುಂದೆಯೂ ಮಣ್ಣು ಹಿಂದೆಯೂ ಮಣ್ಣು ಬಿದ್ದರೆ ಯಾರಿಗೆ ಏನು ಉತ್ತರ ಕೊಡುವುದು?

ಕುಸಿತ ಬಿಡಿ, ಮಳೆಗಾಲದಲ್ಲಿ ಮರದ ನೆರಳಿರುವ ಕಡೆಯೆಲ್ಲ ಡಾಂಬರಿನ ಮೇಲೆ ಪಾಚಿ ಕಟ್ಟುತ್ತದೆ. ಕಣ್ಣಿಗೆ ಬರೀ ಒದ್ದೆ ರಸ್ತೆ. ಟೈರಿಗೆ ಮಾತ್ರ ಸೋಪು.

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ಅದು ಕಾಫಿ ಕೊಯ್ಲಿನ ಕಾಲವೂ ಹೌದು. ಮೊದಲು ಅರೇಬಿಕಾ, ಜನವರಿ ಆಚೆಗೆ ರೊಬಸ್ಟಾ. ಆಳುಗಳನ್ನು ತುಂಬಿಕೊಂಡ ಜೀಪು ಪಿಕಪ್ಪುಗಳು ತೋಟದ ಗೇಟಿನಿಂದ ದಿಢೀರ್ ಅಂತ ರಸ್ತೆಗೆ ಬರುತ್ತವೆ, ಚಕ್ರದ ಮಣ್ಣನ್ನು ತಿರುವಿನಲ್ಲೇ ಉದುರಿಸಿ ಹೋಗುತ್ತವೆ. ವರ್ಷದ ದುಡಿಮೆ ಮನೆಗೆ ಬರುವ ಹೊತ್ತು ಅದು. ಅವರು ಮೊದಲು ಹೋಗಲಿ, ನಾವು ಕಾಯೋಣ.

ನನ್ನ ಹತ್ತಿರ ಇರುವುದು 100 ಸಿಸಿ ಬೈಕ್. ನಾಚಿಕೆ ಆಗುತ್ತದೆ. ಬರಬಹುದಾ?

ದಯವಿಟ್ಟು ಬನ್ನಿ. ಈ ರಸ್ತೆಯಲ್ಲಿ ದಿನಾ ಓಡಾಡುವ ಹಾಲಿನವರು, ಮೇಷ್ಟರು, ಲೈನ್‌ಮನ್‌ಗಳು ಓಡಿಸುವುದು ಅದೇ 100 ಸಿಸಿ ಗಾಡಿ. ಅವರು ಹಿಂದೆ ಅಕ್ಕಿಮೂಟೆ ಕಟ್ಟಿಕೊಂಡು ಹತ್ತುತ್ತಾರೆ. ನಾವು ನೋಡುವುದು ಟೈರ್, ಬ್ರೇಕ್, ಚೈನ್, ಲೈಟ್, ಹಾರ್ನ್. ಟೈರಿನ ನಡುವೆ ಬೋಳಾಗಿದ್ದರೆ ಎಷ್ಟು ದೊಡ್ಡ ಬೈಕಾದರೂ ಮೂಡಿಗೆರೆಯಲ್ಲೇ ಉಳಿಯುತ್ತದೆ.

2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಹೊಸ ಬೈಕುಗಳಿಗೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಯಿತು. ಅದಕ್ಕಿಂತ ಹಳೆಯ ಗಾಡಿಯವರು, ಸಣ್ಣ ಗಾಡಿಯವರು ಎದುರಿಗಿನ ಎಬಿಎಸ್ ಬೈಕಿನವರನ್ನು ನೋಡಿ ಅವರ ಹಾಗೆ ಬ್ರೇಕ್ ಒತ್ತಲು ಹೋಗಬೇಡಿ. ಜಲ್ಲಿಯ ಮೇಲೆ ಅವರ ಚಕ್ರ ಉರುಳುತ್ತಿರುತ್ತದೆ, ನಿಮ್ಮದು ಜಾಮ್ ಆಗಿ ಜಾರುತ್ತದೆ.

ಹಳೆಯ ಯೆಜ್ಡಿ, ಜಾವಾ, ಆರ್‌ಎಕ್ಸ್ 100 ತರಬಹುದಾ?

ತನ್ನಿ. ಆ ಸದ್ದು ಕೇಳಲಿಕ್ಕೆಂದೇ ನಮ್ಮಲ್ಲಿ ಕೆಲವರು ಬರುತ್ತಾರೆ. ಜಾವಾ, ಯೆಜ್ಡಿ ನಮ್ಮ ಮೈಸೂರಿನ ಕಾರ್ಖಾನೆಯಿಂದ 1960ರ ದಶಕದ ಶುರುವಿನಿಂದ 1996ರ ತನಕ ಬಂದ ಗಾಡಿಗಳು. ಮಲೆನಾಡಿನ ಎಷ್ಟೋ ತೋಟದ ಮನೆಗಳ ಕೊಟ್ಟಿಗೆಯಲ್ಲಿ ಇವತ್ತಿಗೂ ಒಂದೊಂದು ನಿಂತಿದೆ. ಕಿಕ್ ಹೊಡೆದ ಲಿವರನ್ನೇ ಒಳಗೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. ಮೊದಲ ಸಲ ನೋಡುವ ಹುಡುಗರ ಮುಖ ನೋಡಬೇಕು ಆಗ.

ಆದರೆ ಟೂ ಸ್ಟ್ರೋಕ್ ಗಾಡಿಯಲ್ಲಿ ಘಾಟಿ ಇಳಿಯುವ ಕ್ರಮವೇ ಬೇರೆ. ಫೋರ್ ಸ್ಟ್ರೋಕ್‌ನವರಿಗೆ ನಾವು ಹೇಳುವುದು, ಗೇರ್ ಇಳಿಸಿ, ಥ್ರಾಟಲ್ ಬಿಡಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ ಅಂತ. ಯೆಜ್ಡಿಯಲ್ಲಿ ಇದನ್ನು ಉದ್ದಕ್ಕೂ ಮಾಡಿದರೆ ಎಂಜಿನ್ ಕೆಡುತ್ತದೆ. ಅದರ ಪಿಸ್ಟನ್ನಿಗೆ ಆಯಿಲ್ ಸಿಗುವುದು ಪೆಟ್ರೋಲ್ ಜೊತೆಗೇ. ಥ್ರಾಟಲ್ ಮುಚ್ಚಿದಿರಿ ಅಂದರೆ ಪೆಟ್ರೋಲ್ ನಿಂತಿತು, ಆಯಿಲೂ ನಿಂತಿತು. ಇತ್ತ ಹಿಂದಿನ ಚಕ್ರ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಲೇ ಇರುತ್ತದೆ. ಒಣ ಸಿಲಿಂಡರಿನಲ್ಲಿ ಪಿಸ್ಟನ್ ಬಿಸಿಯಾಗಿ ಹಿಡಿದುಕೊಳ್ಳುತ್ತದೆ. ಆರ್‌ಎಕ್ಸ್‌ಗೆ ಬೇರೆ ಆಯಿಲ್ ಪಂಪ್ ಇದ್ದರೂ ಅದು ಥ್ರಾಟಲಿಗೆ ತಕ್ಕಂತೆ ಆಯಿಲ್ ಕೊಡುವಂಥದ್ದು, ಹಾಗಾಗಿ ಎಚ್ಚರಿಕೆ ಅದೇ.

ಇದನ್ನು ನಾನು ಕಲಿತದ್ದು ಮಾಳದ ಇಳಿಜಾರಿನಲ್ಲಿ. ಆಗ ನನ್ನದು ಅಪ್ಪನ ಕಾಲದ ಯೆಜ್ಡಿ. ಎರಡನೇ ಗೇರಿನಲ್ಲಿ ಥ್ರಾಟಲ್ ಪೂರ್ತಿ ಬಿಟ್ಟು ಸುಮಾರು ದೂರ ಇಳಿದಿದ್ದೆ. ಸದ್ದಿನಲ್ಲಿ ಒಂದು ಕಿರುಗುಟ್ಟುವಿಕೆ ಬಂತು, ಯಾರೋ ಸ್ಲೇಟಿನ ಮೇಲೆ ಉಗುರು ಎಳೆದ ಹಾಗೆ. ಅದೇನು ಅಂತ ಯೋಚಿಸುವಷ್ಟರಲ್ಲಿ ಹಿಂದಿನ ಚಕ್ರ ಕಚ್ಚಿಕೊಂಡಿತು. ಕೈ ತಾನಾಗಿಯೇ ಕ್ಲಚ್ ಹಿಡಿಯಿತು, ಚಕ್ರ ಬಿಟ್ಟುಕೊಂಡಿತು, ಗಾಡಿ ಬಲಕ್ಕೆ ಸೊಟ್ಟ ಹೋಗಿ ನಿಂತಿತು. ಹಿಂದೆ ಬರುತ್ತಿದ್ದ ಗೆಳೆಯ ದೂರ ಬಿಟ್ಟುಕೊಂಡು ಬರುತ್ತಿದ್ದ, ಅದಕ್ಕೇ ನನಗೆ ಏನೂ ಆಗಲಿಲ್ಲ. ಅರ್ಧ ಗಂಟೆ ಆರಲು ಬಿಟ್ಟು, ಪ್ಲಗ್ ಬಿಚ್ಚಿ ಎರಡು ಹನಿ ಆಯಿಲ್ ಬಿಟ್ಟು, ಮೆಲ್ಲಗೆ ಕಿಕ್ಕರ್ ಆಡಿಸಿದಾಗ ಪಿಸ್ಟನ್ ಸಡಿಲವಾಯಿತು.

ಆದ್ದರಿಂದ ಟೂ ಸ್ಟ್ರೋಕಿನವರು ಇಳಿಯುವಾಗ ನಿಮಿಷಕ್ಕೆ ಎರಡು ಮೂರು ಸಲ ಕ್ಲಚ್ ಹಿಡಿದು ಥ್ರಾಟಲ್ ಸ್ವಲ್ಪ ಕೊಡಿ, ಪಿಸ್ಟನ್ನಿಗೆ ಎಣ್ಣೆ ಹೋಗಲಿ. ಎರಡು ಬೆರಳು ಯಾವಾಗಲೂ ಕ್ಲಚ್ ಮೇಲೇ ಇರಲಿ. ಬ್ರೇಕಿನ ಕೆಲಸ ಹೆಚ್ಚಾಗುವುದರಿಂದ ಬ್ರೇಕ್ ಡ್ರಮ್ ಬಿಸಿಯಾಗುತ್ತದೆ, ಮಾಳದ ದಾರಿಯಲ್ಲಿ ನಿಮಗಾಗಿಯೇ ಒಂದು ಕಡೆ ನಿಲ್ಲಿಸುತ್ತೇವೆ. ಟೂ ಟಿ ಆಯಿಲ್ ಒಂದು ಬಾಟಲಿ ಜೊತೆಗಿರಲಿ. ಯೆಜ್ಡಿಗೆ ಲೀಟರ್ ಪೆಟ್ರೋಲಿಗೆ 30ರಿಂದ 40 ಮಿ.ಲೀ. ಹಾಕುವುದು ನಮ್ಮ ರೂಢಿ. ಬೇರೆ ಪ್ಲಗ್ ಒಂದು, ಪ್ಲಗ್ ಸ್ಪ್ಯಾನರ್, ಕ್ಲಚ್ ಕೇಬಲ್ ಕೂಡ ತನ್ನಿ.

ಎಲೆಕ್ಟ್ರಿಕ್ ಸ್ಕೂಟರ್?

ಸದ್ಯಕ್ಕೆ ಬೇಡ. ಕಂಪನಿಯವರು ಹೇಳುವ ಕಿಲೋಮೀಟರ್ ಸಮತಟ್ಟಾದ ರಸ್ತೆಯದು, ಏರಿನಲ್ಲಿ ಬ್ಯಾಟರಿ ಬೇಗ ಕರಗುತ್ತದೆ. ನಡುವೆ ಚಾರ್ಜ್ ಮಾಡಲು ಕಾಯುತ್ತಾ ಕುಳಿತರೆ ಬೆಳಕು ಹೋಗುತ್ತದೆ.

ಎಷ್ಟು ಸ್ಪೀಡಿನಲ್ಲಿ ಹೋಗುತ್ತೀರಿ? ನಾನು ಹಿಂದೆ ಬಿದ್ದರೆ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಎಲ್ಲಕ್ಕಿಂತ ಹೆಚ್ಚು ಸಂಕೋಚದಿಂದ ಕೇಳುವ ಪ್ರಶ್ನೆಯೂ ಇದೇ.

ನಮ್ಮ ರೈಡಿನ ಸ್ಪೀಡನ್ನು ನಿರ್ಧರಿಸುವುದು ಎಲ್ಲರಿಗಿಂತ ನಿಧಾನ ಓಡಿಸುವವರು. ಎಲ್ಲರಿಗಿಂತ ಮುಂದೆ ಹೋಗುವ ಲೀಡ್ ಬೈಕಿನವರು ಎಷ್ಟು ನುರಿತವರಾದರೂ ತಮ್ಮ ಕನ್ನಡಿಯಲ್ಲಿ ಹಿಂದಿನವರು ಕಾಣುವ ಹಾಗೆ ಹೋಗಬೇಕು. ಹಿಂದಿನವರು ತಮ್ಮ ಹಿಂದಿನವರನ್ನು ನೋಡಿಕೊಳ್ಳಬೇಕು. ಹೀಗೆ ಕೊಂಡಿ ಕೊಂಡಿಯಾಗಿ ನನ್ನ ತನಕ. ಕನ್ನಡಿಯಿಂದ ಬೈಕ್ ಮರೆಯಾಯಿತು ಅಂದರೆ ಥ್ರಾಟಲ್ ಇಳಿಸಿ. ಎರಡು ತಿರುವಾದರೂ ಕಾಣಲಿಲ್ಲ ಅಂದರೆ ರಸ್ತೆ ಬಿಟ್ಟು ಬದಿಗೆ, ಎದುರಿನವರಿಗೆ ಕಾಣುವ ಜಾಗದಲ್ಲಿ ನಿಲ್ಲಿಸಿ.

ಹೊಸಬರನ್ನು ಲೀಡಿನ ಹಿಂದೆಯೇ, ಎರಡನೇ ಮೂರನೇ ಜಾಗದಲ್ಲಿ ಬಿಡುತ್ತೇವೆ. ಬಾಲದಲ್ಲಿ ಬಿಟ್ಟರೆ ಮುಂದಿನವರನ್ನು ಹಿಡಿಯುವ ಗಾಬರಿಯಲ್ಲಿ ಅವರು ತಮ್ಮ ಕೈ ಮೀರಿ ಓಡಿಸುತ್ತಾರೆ. ಘಾಟಿಯಲ್ಲಿ ಬಿದ್ದವರನ್ನು ಕೇಳಿ ನೋಡಿ, ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ ಮಾತು, ಮುಂದಿನವರನ್ನು ಹಿಡಿಯಲು ಹೋಗಿದ್ದೆ ಅಂತ.

ನಾನು ಕೊನೆಯಲ್ಲಿ ಇರುತ್ತೇನೆ. ನನ್ನ ಹಿಂದೆ ನಮ್ಮವರು ಯಾರೂ ಇರುವುದಿಲ್ಲ. ನೀವು ಮೂವತ್ತರಲ್ಲಿ ಹೋದರೆ ನಾನೂ ಮೂವತ್ತರಲ್ಲಿ. ನೀವು ನಿಂತರೆ ನಾನೂ ನಿಲ್ಲುತ್ತೇನೆ. ಇದರಲ್ಲಿ ನನಗೆ ಬೇಸರ ಇಲ್ಲ. ಈ ಜಾಗವನ್ನು ನಾನೇ ಕೇಳಿ ತೆಗೆದುಕೊಂಡದ್ದು.

ಸಾಲು ಹೇಗಿರುತ್ತದೆ?

ಆರೇಳು ಬೈಕಿನ ಒಂದೊಂದು ತಂಡ. ಎರಡು ತಂಡಗಳ ನಡುವೆ ಐದು ನಿಮಿಷದ ಅಂತರ. ಇಪ್ಪತ್ತು ಬೈಕ್ ಒಟ್ಟಿಗೆ ಹೋದರೆ ಬಸ್ಸು, ಆಂಬುಲೆನ್ಸ್ ಯಾವುದಕ್ಕೂ ಮುಂದೆ ಹೋಗಲು ಜಾಗ ಇರುವುದಿಲ್ಲ.

ರಸ್ತೆ ನೇರ ಇರುವ ಕಡೆ ಒಬ್ಬರು ಲೇನಿನ ಬಲಕ್ಕೆ, ಹಿಂದಿನವರು ಎಡಕ್ಕೆ. ನೇರ ಮುಂದಿನ ಬೈಕಿಗೂ ನಿಮಗೂ ಎರಡು ಸೆಕೆಂಡ್ ಅಂತರ. ತಿರುವು ಶುರುವಾದ ಕೂಡಲೇ ಈ ಲೆಕ್ಕ ಬಿಟ್ಟು ಒಬ್ಬರ ಹಿಂದೆ ಒಬ್ಬರು, ದೂರ ದೂರ. ತಿರುವಿನಲ್ಲಿ ಪ್ರತಿಯೊಬ್ಬರಿಗೂ ಇಡೀ ಲೇನ್ ಬೇಕಾಗುತ್ತದೆ. ಕ್ಲಬ್ಬಿನೊಳಗೆ ಒಬ್ಬರನ್ನೊಬ್ಬರು ಹಿಂದೆ ಹಾಕುವಂತಿಲ್ಲ.

ದಾರಿ ತಪ್ಪಿದರೆ ಏನು ಮಾಡಲಿ? ಫೋನ್ ಮ್ಯಾಪ್ ಸಾಕಾ?

ಸಾಲದು. ಕಾಡಿನೊಳಗೆ ಬಹಳ ಕಡೆ ನೆಟ್‌ವರ್ಕೇ ಇಲ್ಲ. ಮ್ಯಾಪನ್ನು ಮೊದಲೇ ಇಳಿಸಿಕೊಂಡು ಬನ್ನಿ. ಆದರೂ ನಾವು ನಂಬುವುದು ಮನುಷ್ಯರನ್ನು.

ರಸ್ತೆ ಕವಲಾಗುವ ಪ್ರತಿ ಕಡೆ ಲೀಡಿನ ಹಿಂದಿನ ಸವಾರರು ನಿಲ್ಲುತ್ತಾರೆ. ತಂಡ ಪೂರ್ತಿ ದಾಟಿ ಸ್ವೀಪ್ ಬೈಕ್ (ಎಲ್ಲರಿಗಿಂತ ಕೊನೆಯದು) ಬರುವ ತನಕ ಅವರು ಅಲ್ಲಿಂದ ಕದಲುವಂತಿಲ್ಲ. ಈ ನಿಯಮ ಬಂದದ್ದು ಎಸ್.ಕೆ. ಬಾರ್ಡರಿನಲ್ಲಿ ಆದ ಒಂದು ಘಟನೆಯಿಂದ. ಎಸ್.ಕೆ. ಅಂದರೆ ಸೌತ್ ಕೆನರಾ. ಹಳೆಯ ಜಿಲ್ಲೆಯ ಗಡಿ ಅದು, ಹೆಸರು ಹಾಗೇ ಉಳಿದಿದೆ. ಕುದುರೆಮುಖದಿಂದ ಬಂದ ರಸ್ತೆ ಅಲ್ಲಿ ಎರಡಾಗುತ್ತದೆ, ಒಂದು ಕಾರ್ಕಳದ ಕಡೆಗೆ, ಇನ್ನೊಂದು ಶೃಂಗೇರಿಯ ಕಡೆಗೆ.

ಅವತ್ತು ಕವಲಿನಲ್ಲಿ ನಿಂತಿದ್ದ ಹುಡುಗ ಎಲ್ಲರೂ ಬಂದರು ಅಂದುಕೊಂಡು ಹೊರಟುಬಿಟ್ಟಿದ್ದ. ಎರಡು ನಿಮಿಷದ ಮೇಲೆ ಅಲ್ಲಿಗೆ ಬಂದ ನಮ್ಮ ಹಿರಿಯರೊಬ್ಬರು ಸೀದಾ ಶೃಂಗೇರಿ ರಸ್ತೆ ಹಿಡಿದರು. ಅವರ ಹಿಂದೆ ಸ್ವಲ್ಪ ದೂರದಲ್ಲಿದ್ದ ನಾನು ಮಾಳದ ಕಡೆ ತಿರುಗಿದೆ. ಅವರು ಮುಂದೆ ಇದ್ದಾರೆ ಅಂತ ನಾನು, ನಾವು ಮುಂದೆ ಇದ್ದೇವೆ ಅಂತ ಅವರು. ಮಾಳ ಗೇಟಿಗೆ ಬಂದು ಎಣಿಸಿದಾಗ ಒಬ್ಬರು ಕಡಿಮೆ. ಫೋನಿಗೆ ಸಿಗ್ನಲ್ ಇಲ್ಲ. ಎಷ್ಟು ಕಣಿವೆ ದಾಟಿ ಬಂದಿದ್ದೇವೆ ಅಂತ ಆಗ ನೆನಪಿಗೆ ಬಂತು. ಕಾಲು ನಡುಗಿತು.

ಅವರು ಅಷ್ಟರಲ್ಲಿ ತನಿಕೋಡು ಗೇಟ್ ಮುಟ್ಟಿದ್ದರು. ಅಲ್ಲಿನ ಅರಣ್ಯ ಸಿಬ್ಬಂದಿ ಒಳಗೆ ಬರುವಾಗ ಗೇಟಿನಲ್ಲಿ ಕೊಟ್ಟ ಚೀಟಿ ನೋಡಿ, "ನೀವು ಮಾಳಕ್ಕೆ ಹೋಗಬೇಕಿತ್ತಲ್ಲ ಸರ್, ಒಬ್ಬರೇ ಯಾಕೆ ಈ ಕಡೆ ಬಂದಿರಿ?" ಅಂತ ಕೇಳಿ ಕೂರಿಸಿ, ವೈರ್‌ಲೆಸ್‌ನಲ್ಲಿ ಮಾಳ ಗೇಟಿಗೆ ಹೇಳಿದರು. ಮುಕ್ಕಾಲು ಗಂಟೆ ಆದ ಮೇಲೆ ನಮ್ಮ ಗೇಟಿನಲ್ಲಿ ಆ ದನಿ ಕೇಳಿತು. ಆ ದಿನದಿಂದ, ಸ್ವೀಪ್ ಬೈಕ್ ಕಣ್ಣಿಗೆ ಕಾಣದೆ ಕವಲು ಬಿಟ್ಟವರನ್ನು ಮುಂದಿನ ರೈಡಿಗೆ ಕರೆಯುವುದಿಲ್ಲ. ಗಟ್ಟಿಯಾಗಿ ಹೇಳುವ ವಿಷಯ ಇದೊಂದೇ.

ದಾರಿ ತಪ್ಪಿದೆ ಅನ್ನಿಸಿದರೆ ನೀವು ಮಾಡಬೇಕಾದದ್ದು ಇಷ್ಟೇ. ಅಡ್ಡದಾರಿ ಹುಡುಕಬೇಡಿ. ಬಂದ ದಾರಿಯಲ್ಲೇ ಹಿಂದಿನ ಕವಲಿಗೆ ವಾಪಸ್ ಬಂದು ನಿಲ್ಲಿ. ಕಾಡಿನೊಳಗಾದರೆ ಹತ್ತಿರದ ಗೇಟಿಗೆ ಹೋಗಿ. ನಾವು ಅಲ್ಲಿಗೆ ಬರುತ್ತೇವೆ.

ಹೇರ್‌ಪಿನ್ ತಿರುವಿನಲ್ಲಿ ಭಯ ಆಗುತ್ತದೆ. ಹೇಗೆ ಓಡಿಸಬೇಕು?

ಭಯ ಇರಲಿ, ಒಳ್ಳೆಯದೇ. ಬ್ರೇಕಿನ ಕೆಲಸ ತಿರುವಿಗೆ ಮುಂಚೆಯೇ, ಗಾಡಿ ನೆಟ್ಟಗಿರುವಾಗಲೇ ಮುಗಿಯಬೇಕು. ಗೇರ್ ಇಳಿಸಿ, ಹಾರ್ನ್ ಹೊಡೆದು, ತಿರುವು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಕಣ್ಣು ಇಡಿ. ಬೈಕ್ ಕಣ್ಣು ಹೋದ ಕಡೆ ಹೋಗುತ್ತದೆ. ಕಮರಿಯ ಕಡೆಯ ತಡೆಗೋಡೆ ನೋಡುತ್ತಾ ಕೂತರೆ ಅದರ ಹತ್ತಿರವೇ ಹೋಗುತ್ತೀರಿ. ತಿರುವಿನ ನಡುವೆ ಮುಂದಿನ ಬ್ರೇಕ್ ಗಬಕ್ಕನೆ ಹಿಡಿಯಬೇಡಿ.

ಬಲಕ್ಕೆ ತಿರುಗುವಾಗ ನಡುಗೆರೆಯ ಹತ್ತಿರ ಒರಗಿದರೆ ಚಕ್ರ ನಿಮ್ಮ ಕಡೆ ಇದ್ದರೂ ನಿಮ್ಮ ತಲೆ ಎದುರಿನ ಬಸ್ಸಿನ ಜಾಗದಲ್ಲಿ ಇರುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಇಳಿಜಾರಿಗೆ ಹಳೆಯ ಡ್ರೈವರುಗಳು ಹೇಳುವ ಮಾತು ಸರಿಯಾಗಿದೆ, ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಹಾಕಿಕೊಂಡು, ಎಂಜಿನ್ ಆಫ್ ಮಾಡಿಕೊಂಡು ಪೆಟ್ರೋಲ್ ಉಳಿಸುವವರು ನಮ್ಮ ಜೊತೆ ಬರುವುದು ಬೇಡ.

ಎದುರಿನಿಂದ ಬಸ್ಸು ಬಂದರೆ ದಾರಿ ಯಾರದು?

ಕಡಿದಾದ ರಸ್ತೆಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ನಿಯಮ ಇರುವುದೂ ಹಾಗೇ. ಹೇರ್‌ಪಿನ್ನಿನಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕು. ಬಸ್ಸಿನ ಮೂತಿ ಕಂಡ ಕೂಡಲೇ ತಿರುವಿಗೆ ಮುಂಚೆ ಎಡಕ್ಕೆ ನಿಲ್ಲಿಸಿ ಕೈ ತೋರಿಸಿ ಬಿಡಿ. ಚಾರ್ಮಾಡಿ ರಾಷ್ಟ್ರೀಯ ಹೆದ್ದಾರಿ 73, ತುಮಕೂರಿನಿಂದ ಮಂಗಳೂರಿಗೆ ಹೋಗುವ ದಾರಿ. ಧರ್ಮಸ್ಥಳಕ್ಕೆ ಹೋಗುವ ಗಾಡಿಗಳು ವಾರದ ಕೊನೆಯಲ್ಲಿ ಸಾಲುಗಟ್ಟಿರುತ್ತವೆ. ಅದಕ್ಕೇ ನಾವು ಸಾಧ್ಯವಾದಷ್ಟು ಮಟ್ಟಿಗೆ ವಾರದ ನಡುವಿನ ರಜಾದಿನ ಹುಡುಕುತ್ತೇವೆ.

ಕುದುರೆಮುಖದ ಕಾಡಿನಲ್ಲಿ ನಿಲ್ಲಿಸಿ ಫೋಟೋ ತೆಗೆಯಬಹುದಾ?

ಇಲ್ಲ. ಚೆಕ್‌ಪೋಸ್ಟಿನಲ್ಲಿ ಒಳಗೆ ಹೋದ ಸಮಯ ಬರೆದ ಚೀಟಿ ಕೊಡುತ್ತಾರೆ, ಹೊರಗೆ ಹೋಗುವ ಗೇಟಿನಲ್ಲಿ ಅದನ್ನು ನೋಡುತ್ತಾರೆ. ನಡುವೆ ನಿಲ್ಲಿಸುವಂತಿಲ್ಲ, ಕಸ ಹಾಕುವಂತಿಲ್ಲ. 1987ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾದ ಸುಮಾರು 600 ಚದರ ಕಿ.ಮೀ. ಕಾಡು ಇದು. ಸಿಂಗಳೀಕಗಳ ಮನೆ. ನೆಲಕ್ಕೆ ಇಳಿಯುವುದೇ ಅಪರೂಪವಾದ ಆ ಕೋತಿ, ನಾವು ಎಸೆದ ಚಿಪ್ಸ್ ಪೊಟ್ಟಣಕ್ಕೆ ರಸ್ತೆಗೆ ಬರುವ ಹಾಗಾದರೆ ಚಕ್ರಕ್ಕೆ ಸಿಗುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇದೇ ಕಾಡಿನೊಳಗೆ. ನಾವು ಕುಡಿಯುವ ನೀರಿನ ತವರು.

ಕುದುರೆಮುಖ ಊರಿನಲ್ಲಿ ಗೇಟಿಗೆ ಮುಂಚೆ ನಿಲ್ಲುತ್ತೇವೆ. ಫೋಟೋ ಅಲ್ಲಿ ತೆಗೆಯಿರಿ. ಕಬ್ಬಿಣದ ಅದಿರಿಗಾಗಿ ಎಪ್ಪತ್ತರ ದಶಕದಲ್ಲಿ ಕಟ್ಟಿದ ಊರು ಅದು. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಕಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಸಾಲು ಸಾಲು ಮನೆಗಳಲ್ಲಿ ಎಷ್ಟೋ ಖಾಲಿ. ಕಿಟಕಿಗಳಿಗೆ ಬಳ್ಳಿ ಹಬ್ಬಿದೆ. ಹೊಟ್ಟೆಪಾಡಿಗೆ ಬಂದು ಅಲ್ಲೇ ಬೆಳೆದು ಊರು ಬಿಡಬೇಕಾದವರ ಸಂಕಟವೂ ನಿಜ, ಕಾಡು ಉಳಿದದ್ದೂ ನಿಜ. ಅಲ್ಲಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಸುಮ್ಮನೆ ನಿಲ್ಲುವುದು ನನಗೆ ಈ ರೈಡಿನಲ್ಲಿ ಬಹಳ ಇಷ್ಟದ ಹೊತ್ತು.

ಆನೆ, ಕಾಟಿ (ಕಾಡುಕೋಣ) ಎದುರಾದರೆ?

ಮೂಡಿಗೆರೆ ಸುತ್ತಲ ತೋಟಗಳಲ್ಲಿ ಆನೆ ಓಡಾಟ ಇದೆ. ಹೊರಡುವ ದಿನ ಬೆಳಗ್ಗೆ ಊರವರನ್ನು ಕೇಳಿಕೊಂಡೇ ಬಿಡುತ್ತೇವೆ. ಕಂಡರೆ ದೂರದಲ್ಲೇ ನಿಲ್ಲಿ. ಹಾರ್ನ್ ಬೇಡ, ಎಂಜಿನ್ ರೇಸ್ ಮಾಡುವುದು ಬೇಡ, ಫೋನ್ ತೆಗೆಯುವುದೂ ಬೇಡ. ಹಿಂದಿನವರಿಗೆ ಕೈ ಎತ್ತಿ ನಿಲ್ಲಲು ಹೇಳಿ, ತಿರುಗಿಸಲು ಜಾಗ ಉಳಿಸಿಕೊಳ್ಳಿ. ಕಾಟಿಯೂ ಕಡವೆಯೂ ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಅಂತಲೇ ತಿಳಿಯಿರಿ.

ಮಂಜು ಕವಿದರೆ?

ಹೆಡ್‌ಲೈಟ್ ಡಿಮ್‌ನಲ್ಲಿ ಇಡಿ. ಹೈ ಬೀಮ್ ಹಾಕಿದರೆ ಬೆಳಕೆಲ್ಲ ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ರಸ್ತೆಯ ಎಡ ಅಂಚಿನ ಬಿಳಿಗೆರೆ ಹಿಡಿದುಕೊಂಡು ಹೋಗಿ. ಇಂಡಿಕೇಟರ್ ನಾಲ್ಕೂ ಮಿಣುಕಿಸಿಕೊಂಡು ಓಡಿಸಬೇಡಿ, ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವರಿಗೆ ತಿಳಿಯುವುದಿಲ್ಲ. ಏನೂ ಕಾಣದಷ್ಟು ದಟ್ಟವಾದರೆ ಎಲ್ಲರೂ ರಸ್ತೆಯಿಂದ ಪೂರ್ತಿ ಕೆಳಗೆ ಇಳಿಸಿ ಕಾಯುತ್ತೇವೆ.

ಪೆಟ್ರೋಲ್?

ಮೂಡಿಗೆರೆಯಲ್ಲಿ ಫುಲ್ ಟ್ಯಾಂಕ್, ಕಳಸದಲ್ಲಿ ಮತ್ತೆ ತುಂಬಿಸಿ. ಕಳಸ ಬಿಟ್ಟ ಮೇಲೆ ಬಜಗೋಳಿ ತನಕ ಬಂಕ್ ನಂಬಿಕೊಂಡು ಹೊರಡಬೇಡಿ.

ಏನು ಹಾಕಿಕೊಂಡು ಬರಬೇಕು?

ಐಎಸ್ಐ ಗುರುತಿನ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಓಡಿಸುವವರಿಗೂ ಹಿಂದೆ ಕೂರುವವರಿಗೂ. ಪಟ್ಟಿ ಬಿಗಿಯಾಗಿರಲಿ. ಸಾವಿರಾರು ರೂಪಾಯಿಯ ಜಾಕೆಟ್ ಇಲ್ಲದಿದ್ದರೂ ದಪ್ಪ ಜೀನ್ಸ್ ಜಾಕೆಟ್, ಕೈಗವಸು, ಪಾದದ ಗೆಣ್ಣು ಮುಚ್ಚುವ ಶೂ ಇರಲೇಬೇಕು. ಚಪ್ಪಲಿಯಲ್ಲಿ ಬಂದವರನ್ನು ವಾಪಸ್ ಕಳಿಸುತ್ತೇವೆ. ಒಂದೇ ದಿನ ಎರಡು ಹವೆ ಸಿಗುತ್ತದೆ. ಬೆಳಗ್ಗೆ ಕೆಳಗೂರಿನಲ್ಲಿ ಬೆರಳು ಮರಗಟ್ಟುವ ಚಳಿ, ಮಧ್ಯಾಹ್ನ ಬೆಳ್ತಂಗಡಿಯಲ್ಲಿ ಬೆವರು ಕಣ್ಣಿಗೆ ಇಳಿಯುವ ಸೆಕೆ. ಒಳಗೊಂದು ಪದರ ಬಿಚ್ಚಿ ಚೀಲಕ್ಕೆ ಹಾಕುವ ಹಾಗಿರಲಿ. ಅಕ್ಟೋಬರಿನಲ್ಲಿ ಹುಲ್ಲಿನ ಮೇಲೆ ಕೂತರೆ ಉಂಬಳ (ಜಿಗಣೆ) ಹತ್ತುತ್ತದೆ, ಸ್ವಲ್ಪ ಉಪ್ಪು ಕಟ್ಟಿಕೊಂಡಿರಿ.

ಹೆಂಡತಿ, ಮಕ್ಕಳನ್ನು ಕರೆತರಬಹುದಾ? ಹೆಣ್ಣುಮಕ್ಕಳು ಓಡಿಸುತ್ತಾರಾ?

ಹಿಂದೆ ಕೂರುವವರು ಬರಬಹುದು. ತಿರುವಿನಲ್ಲಿ ಅವರು ಓಡಿಸುವವರ ಜೊತೆಗೇ ಒರಗಬೇಕು, ಎದುರು ದಿಕ್ಕಿಗೆ ವಾಲಬಾರದು. ಒಂದೇ ಕಡೆ ಕಾಲು ಹಾಕಿ ಕೂರುವಂತಿಲ್ಲ. ನಾಲ್ಕು ವರ್ಷದೊಳಗಿನ ಮಗುವಿಗೆ ಬೆಲ್ಟ್, ಹೆಲ್ಮೆಟ್, 40 ಕಿ.ಮೀ. ಮಿತಿ ಅಂತ ನಿಯಮವೇ ಇದೆ. ಈ ದಾರಿಗೆ ಮಾತ್ರ ಹನ್ನೆರಡು ವರ್ಷದ ಕೆಳಗಿನ ಮಕ್ಕಳನ್ನು ನಾವು ಒಪ್ಪುವುದಿಲ್ಲ. ಹತ್ತು ಗಂಟೆ ಸೀಟಿನ ಮೇಲೆ ಮಗುವಿಗೆ ನಿದ್ದೆ ಬಂದೇ ಬರುತ್ತದೆ.

ಹೆಣ್ಣುಮಕ್ಕಳು ಓಡಿಸುತ್ತಾರೆ. ನಮ್ಮ ಮೂರು ಲೀಡ್ ಸವಾರರಲ್ಲಿ ಒಬ್ಬರು ಅಕ್ಕ. ಮಂಜಿನಲ್ಲಿ ಅವರ ಹಿಂದೆ ಹೋಗುವಾಗ ನನಗೆ ಇರುವಷ್ಟು ಧೈರ್ಯ ಬೇರೆ ಯಾರ ಹಿಂದೆಯೂ ಇಲ್ಲ. ಶೌಚಾಲಯ ಇರುವ ಕಡೆ ನೋಡಿಯೇ ನಿಲುಗಡೆ ಇಟ್ಟಿದ್ದೇವೆ.

ಊಟ ತಿಂಡಿ?

ತಿಂಡಿ ಕೊಟ್ಟಿಗೆಹಾರದಲ್ಲಿ. ನೀರುದೋಸೆಗೆ ಹೆಸರಾದ ಊರು. ಕಾವಲಿಯಿಂದ ಎತ್ತಿ ಮಡಚಿದ ದೋಸೆ, ಚಟ್ನಿ, ಆ ಚಳಿಗೆ ಒಂದು ಲೋಟ ಕಾಫಿ. ಕಳಸದಲ್ಲಿ ಇನ್ನೊಂದು ಕಾಫಿ. ಮಧ್ಯಾಹ್ನ ಉಜಿರೆಯ ಆಸುಪಾಸಿನಲ್ಲಿ ಕುಚ್ಚಲಕ್ಕಿ ಊಟ, ಬೇಕಾದವರಿಗೆ ಮೀನು. ಹೊಟ್ಟೆ ಬಿರಿಯ ತಿನ್ನಬೇಡಿ, ಮುಂದೆ ಚಾರ್ಮಾಡಿ ಇದೆ. ಊಟವಾದ ಮೇಲೆ ಅರ್ಧ ಗಂಟೆ ಎಲ್ಲರೂ ಕಡ್ಡಾಯವಾಗಿ ಕೂರಬೇಕು. ಯಾರಿಗಾದರೂ ತೂಕಡಿಕೆ ಬಂದರೆ ಇನ್ನೂ ಅರ್ಧ ಗಂಟೆ.

ಊಟದ ಜೊತೆ ಬಿಯರ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಒಂದು ತೊಟ್ಟೂ ಇಲ್ಲ. ಹಿಂದಿನ ರಾತ್ರಿ ತಡವಾಗಿ ಕುಡಿದಿದ್ದರೂ ಬರಬೇಡಿ.

ಸೈಲೆನ್ಸರ್ ಬದಲಾಯಿಸಿದ್ದೇನೆ. ತೊಂದರೆ ಇದೆಯಾ?

ಇದೆ. ಸದ್ದು ಹೆಚ್ಚಿಸುವ ಸೈಲೆನ್ಸರಿಗೆ ಪೊಲೀಸರು ದಂಡ ಹಾಕುತ್ತಾರೆ. ದಂಡ ಬಿಡಿ, ಸಂಸೆಯ ಕಡೆ ರಸ್ತೆಗೆ ತಾಗಿದ ಹಾಗೆ ಮನೆಗಳಿವೆ. ಜಗಲಿಯಲ್ಲಿ ಅಡಿಕೆ ಸುಲಿಯುವ ಅಜ್ಜಿ ಇರುತ್ತಾರೆ, ತೊಟ್ಟಿಲಿನಲ್ಲಿ ಮಗು ಇರುತ್ತದೆ. ಒಂದು ವರ್ಷ ಹೀಗೇ ಸದ್ದು ಮಾಡಿಕೊಂಡು ಹೋದ ಬೇರೆ ಗುಂಪಿನ ಹಿಂದೆ ನಾವು ಹೋದೆವು. ಯಾವಾಗಲೂ ಕೈ ಬೀಸುವ ಮಕ್ಕಳು ಅವತ್ತು ಒಳಗೆ ಓಡಿದರು. ಕಂಪನಿ ಕೊಟ್ಟ ಸೈಲೆನ್ಸರ್ ಹಾಕಿಸಿಕೊಂಡು ಬನ್ನಿ.

ಯಾರಾದರೂ ಬಿದ್ದರೆ?

ಮೊದಲು ಹಿಂದಿನಿಂದ, ಮುಂದಿನಿಂದ ಬರುವ ಗಾಡಿಗಳನ್ನು ತಡೆಯಲು ಇಬ್ಬರು ತಿರುವಿನ ಆಚೆಗೆ ಓಡಬೇಕು. ಬಿದ್ದವರನ್ನು ಎಬ್ಬಿಸಿ ಕೂರಿಸಲು ಹೋಗಬೇಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ತೆಗೆಯಬೇಡಿ, ಕುತ್ತಿಗೆಗೆ ಪೆಟ್ಟಾಗಿರಬಹುದು. ರಕ್ತ ಬರುವ ಜಾಗವನ್ನು ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಆಂಬುಲೆನ್ಸಿಗೆ 108, ಪೊಲೀಸರಿಗೆ 112. ಸಿಗ್ನಲ್ ಇಲ್ಲದಿದ್ದರೆ ಒಬ್ಬರು ಸಿಗ್ನಲ್ ಇರುವ ಕಡೆಗೆ ಅಥವಾ ಗೇಟಿಗೆ, ನಿಧಾನವಾಗಿಯೇ ಹೋಗಬೇಕು. ಪ್ರತಿ ತಂಡದಲ್ಲೂ ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರುತ್ತದೆ.

ದಾರಿಯಲ್ಲಿ ಬೇರೆ ಯಾರೇ ಬಿದ್ದಿದ್ದರೂ ನಮ್ಮ ರೈಡ್ ಅಲ್ಲಿಗೆ ನಿಲ್ಲುತ್ತದೆ. ನೆರವಾದವರನ್ನು ಕೇಸಿಗೆ ಎಳೆಯದಂತೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ, ಹೆದರಬೇಡಿ.

ಖರ್ಚು ಎಷ್ಟು? ಏನೇನು ದಾಖಲೆ ಬೇಕು?

ಕ್ಲಬ್ಬಿಗೆ ಏನೂ ಕೊಡಬೇಕಿಲ್ಲ. ನಿಮ್ಮ ಪೆಟ್ರೋಲ್, ನಿಮ್ಮ ಊಟ. ಡಿಎಲ್, ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್ ಇರಲಿ. ಹದಿನೈದು ವರ್ಷ ದಾಟಿದ ಗಾಡಿಯವರು ಆರ್‌ಸಿ ನವೀಕರಣ ಆಗಿದೆಯಾ ನೋಡಿಕೊಳ್ಳಿ, ಯೆಜ್ಡಿಯವರಲ್ಲಿ ಇದನ್ನು ಮರೆತವರೇ ಹೆಚ್ಚು. ಒಂದು ಚೀಟಿಯಲ್ಲಿ ರಕ್ತದ ಗುಂಪು, ಮನೆಯವರ ಫೋನ್ ನಂಬರ್ ಬರೆದು ಜಾಕೆಟಿನ ಎಡ ಕಿಸೆಯಲ್ಲಿ ಇಡಿ. ಎಲ್ಲರೂ ಎಡ ಕಿಸೆಯಲ್ಲೇ ಇಟ್ಟರೆ ಹುಡುಕುವುದು ತಪ್ಪುತ್ತದೆ.

ಅರ್ಧ ದಾರಿಯಲ್ಲಿ ಸಾಕು ಅನ್ನಿಸಿದರೆ?

ಹೇಳಿ. ಕಳಸದಿಂದ ಬಂದ ದಾರಿಯಲ್ಲೇ ಕೊಟ್ಟಿಗೆಹಾರಕ್ಕೆ ವಾಪಸ್ ಹೋಗಬಹುದು, ಒಬ್ಬರು ಜೊತೆ ಬರುತ್ತಾರೆ. ಉಜಿರೆಯಲ್ಲಿ ಸಾಕಾದರೆ ಬೈಕನ್ನು ಅಲ್ಲೇ ಪರಿಚಯದವರ ಅಂಗಳದಲ್ಲಿ ಬಿಟ್ಟು ಬಸ್ಸಿನಲ್ಲಿ ಘಾಟಿ ಹತ್ತಿ, ಮಾರನೇ ದಿನ ತಂದುಕೊಳ್ಳೋಣ. ಹೀಗೆ ಮಾಡಿದವರು ಇದ್ದಾರೆ, ಮುಂದಿನ ವರ್ಷ ಮತ್ತೆ ಬಂದು ಪೂರ್ತಿ ಮುಗಿಸಿದ್ದಾರೆ. ಹೇಳದೆ ಮಾತ್ರ ಹೋಗಬೇಡಿ. ನೀವು ಕಾಣದಿದ್ದರೆ ನಾನು ಕೊಟ್ಟಿಗೆಹಾರದಲ್ಲಿ ನಿಂತು ಕಾಯುತ್ತಿರುತ್ತೇನೆ.